ಘಟ್ಟ ಹತ್ತುವ ಪಿಕಪ್‌ಗೆ ಎಂಜಿನ್ ಬಿಡಿಭಾಗ ಆರಿಸುವುದು ಹೇಗೆ?

ಕುಮಟಾದಲ್ಲಿ ಮೀನಿನ ಪೆಟ್ಟಿಗೆ ಹೇರಿಕೊಂಡು ಶಿರಸಿಯತ್ತ ಹೊರಟ ಪಿಕಪ್, ದೇವಿಮನೆ ಘಟ್ಟದ ಅರ್ಧದಲ್ಲಿ ಬಾನೆಟ್ ಎತ್ತಿ ನಿಂತಿರುವುದನ್ನು ಈ ದಾರಿಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ‘ಮೇಲೆ ಹೋದಂತೆ ಗಾಳಿ ತೆಳು, ಅದಕ್ಕೇ ಎಂಜಿನ್ ಎಳೆಯುವುದಿಲ್ಲ’ ಎಂಬ ಮಾತೂ ಅಲ್ಲಿಯೇ ಕೇಳಿಸುತ್ತದೆ. ಈ ಮಾತನ್ನು ನಂಬಿ ಎಂಜಿನ್ನಿಗೆ ಡೀಸೆಲ್ ಬಿಡುವ ಪಂಪಿನ ಹೊಂದಾಣಿಕೆ ತಿರುಗಿಸಿ, ಪಿಸ್ಟನ್ ಬದಲಿಸಿ ಹಣ ಕಳೆದುಕೊಂಡವರು ಬಹಳ. ಎಂಜಿನ್ ಬಿಚ್ಚುವ ಮೊದಲು ಕಾಗದದ ಮೇಲೊಂದು ಲೆಕ್ಕ ಮಾಡಿ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 5ರಿಂದ 6ರಷ್ಟು ಕಡಿಮೆ. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ 75 ಅಶ್ವಶಕ್ತಿಯ ಎಂಜಿನ್ ಇದರಿಂದ ಕಳೆದುಕೊಳ್ಳುವುದು ನಾಲ್ಕು ಅಶ್ವಶಕ್ತಿಯ ಆಸುಪಾಸು. 3,500 ಮೀಟರ್ ಎತ್ತರದ ಲೇಹ್‌ನಲ್ಲಾದರೆ ನಷ್ಟ ಶೇ 30ರವರೆಗೆ ಹೋಗುತ್ತದೆ. ಅಲ್ಲಿ ಎತ್ತರಕ್ಕೆಂದೇ ಎಂಜಿನ್ ಹದಗೊಳಿಸಬೇಕು. ನಮ್ಮ ಘಟ್ಟಗಳಲ್ಲಿ ಗಾಡಿಯನ್ನು ಕೊಲ್ಲುವುದು ಎತ್ತರವಲ್ಲ, ಏರು. ತುಂಬಿದ ಗಾಡಿ ಎರಡನೇ ಗೇರಿನಲ್ಲಿ ತೆವಳುವಾಗ ಡೀಸೆಲ್ ಪೂರ್ತಿ ಉರಿಯುತ್ತಿರುತ್ತದೆ, ಎದುರುಗಾಳಿ ಮಾತ್ರ ಎಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೆ ಸಿಗುವುದಿಲ್ಲ. ಆ ಬಿಸಿಯನ್ನು ಹೊರಹಾಕುವ ಭಾಗಗಳಿಗೇ ಮೊದಲ ಹಣ ಸಲ್ಲಬೇಕು.

ನಿಮ್ಮದು 2020ರ ಏಪ್ರಿಲ್ ನಂತರದ ಬಿಎಸ್‌6 (ಹೊಗೆ ಮಿತಿಯ ನಿಯಮಕ್ಕೊಳಪಟ್ಟ) ಗಾಡಿಯಾದರೆ ಪಂಪ್, ಡೀಸೆಲ್ ಸಿಂಪಡಿಸುವ ನಾಝಲ್, ಟರ್ಬೊ ಯಾವುದನ್ನೂ ಮುಟ್ಟಬೇಡಿ. ಗಾಳಿ ತೆಳುವಾದಂತೆ ಡೀಸೆಲ್ ಎಷ್ಟು ಬಿಡಬೇಕೆಂಬುದನ್ನು ಸೆನ್ಸರುಗಳ ನೆರವಿನಿಂದ ಕಂಪ್ಯೂಟರೇ ನಿರ್ಧರಿಸುತ್ತದೆ. ಮುಂದಿನ ಮಾತುಗಳಲ್ಲಿ ನೀರು ಮತ್ತು ಗಾಳಿಗೆ ಸಂಬಂಧಿಸಿದವು ಎಲ್ಲ ಗಾಡಿಗೂ ಹೊಂದುತ್ತವೆ. ಉಳಿದವು ಹಳೆಯ ಗಾಡಿಗಳಿಗೆ.

ಮೊದಲು ನೀರು

ರೇಡಿಯೇಟರಿನ ಮುಂದೆ ಕುಳಿತು, ಎರಡು ಕೊಳವೆಗಳ ನಡುವಿನ ತೆಳು ತಗಡಿನ ಮಡಿಕೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಕಾರವಾರ, ಅಂಕೋಲಾ ಕಡೆ ಸಮುದ್ರದ ಬದಿ ನಿಲ್ಲುವ ಗಾಡಿಗಳಲ್ಲಿ ಅದು ಬಿಳಿ ಪುಡಿಯಾಗಿ ಉದುರುತ್ತದೆ. ಉಪ್ಪುಗಾಳಿ ತಿಂದ ಲೋಹ ಅದು. ನೀರು ಎಲ್ಲಿಯೂ ಸೋರುತ್ತಿರುವುದಿಲ್ಲ, ಆದರೆ ಬಿಸಿಯನ್ನು ಗಾಳಿಗೆ ದಾಟಿಸುವ ಮಡಿಕೆಯೇ ಉಳಿದಿರುವುದಿಲ್ಲ. ನನ್ನ ಗಾಡಿಯ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸಂದು ಮುಚ್ಚುವ ಹಾಳೆ) ಎರಡು ಸಲ ಸುಟ್ಟಾಗಲೂ ಗ್ಯಾರೇಜಿನವರು ಗ್ಯಾಸ್ಕೆಟ್ ಬದಲಿಸಿ ಕಳಿಸಿದ್ದರು. ಮೂರನೇ ಸಲ ನಾನೇ ರೇಡಿಯೇಟರ್ ಇಳಿಸಿ ನೋಡಿದೆ. ಕೆಳಗಿನ ಅರ್ಧದಲ್ಲಿ ಮಡಿಕೆಗಳೇ ಇರಲಿಲ್ಲ. ಆ ದಿನದ ಸಂಕಟ ಇನ್ನೊಬ್ಬರಿಗೆ ಬರಬಾರದೆಂದೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ನಂತರ ರೇಡಿಯೇಟರಿನ ಮುಚ್ಚಳ. 600 ಮೀಟರ್ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. 0.9 (ಬಾರ್ ಒತ್ತಡ) ಎಂದು ಬರೆದಿರುವ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು, ಕುದಿಯುವ ಬಿಸಿಯನ್ನು ಸುಮಾರು 20 ಡಿಗ್ರಿ ಮೇಲಕ್ಕೆ ತಳ್ಳುತ್ತದೆ. ಅದರ ರಬ್ಬರ್ ಬಿರಿದಿದ್ದರೆ ಈ ಲಾಭ ಪೂರ್ತಿ ಹೋಯಿತು. ಕಂಪನಿ ಹೇಳಿದ ಅಂಕಿಯ ಮುಚ್ಚಳವನ್ನೇ ಕೊಳ್ಳಿ. ಹೆಚ್ಚಿನದು ಹಾಕಿದರೆ ಹಳೆಯ ಹೋಸ್ ಪೈಪ್ ಒಡೆಯುತ್ತದೆ. ಇಷ್ಟು ಸಣ್ಣ ವಸ್ತುವಿನಿಂದ ಇಷ್ಟು ದೊಡ್ಡ ಕೆಲಸ ಆಗುವುದನ್ನು ಎಂಜಿನ್ನಿನಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.

‘ಥರ್ಮೋಸ್ಟಾಟ್ ತೆಗೆದುಬಿಡಿ, ತಣ್ಣಗಿರುತ್ತದೆ’ ಎಂಬ ಸಲಹೆ ಬಂದೇ ಬರುತ್ತದೆ. ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಕವಾಟ ಅದು. ಒಪ್ಪಬೇಡಿ. ಅನೇಕ ಎಂಜಿನ್ನುಗಳಲ್ಲಿ ಬಿಸಿನೀರಿಗೆ ರೇಡಿಯೇಟರನ್ನು ಬಿಟ್ಟು ಹೋಗುವ ಇನ್ನೊಂದು ದಾರಿ ಇರುತ್ತದೆ; ಎಂಜಿನ್ ಕಾದ ಮೇಲೆ ಆ ದಾರಿಯನ್ನು ಮುಚ್ಚುವುದು ಇದೇ ಥರ್ಮೋಸ್ಟಾಟ್. ಅದನ್ನು ತೆಗೆದರೆ ಏರಿನಲ್ಲಿ ಒಂದಿಷ್ಟು ನೀರು ತಣಿಯದೆಯೇ ಎಂಜಿನ್ನಿಗೆ ಮರಳುತ್ತದೆ. ಹೊಸತು ಕೊಂಡಾಗ ಪಾತ್ರೆಯ ಬಿಸಿನೀರಿನಲ್ಲಿ ಇಳಿಬಿಟ್ಟು, ಅದರ ಮೇಲೆ ಬರೆದ ಡಿಗ್ರಿಯ ಹೊತ್ತಿಗೆ ತೆರೆಯುತ್ತದೆಯೇ ಎಂದು ನೋಡಿಯೇ ಕೂರಿಸಿ. ಜತೆಗೆ ಬಾವಿನೀರು ಬೇಡ, ತಣಿಸಲೆಂದೇ ಮಾರುವ ಕೂಲಂಟ್ ದ್ರವ ಹಾಕಿಸಿ.

ಆಮೇಲೆ ಗಾಳಿ

ಶೇ 5ರ ನಷ್ಟಕ್ಕೆ ಮರುಗುವವರು ಕೆಂಪು ಧೂಳು ಕಟ್ಟಿದ ಏರ್ ಫಿಲ್ಟರಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತಾರೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಬೆಂಡನ್ನು ಬಗ್ಗಿಸಿ, ಒಳಮಡಿಕೆಯಲ್ಲಿ ಬಿರುಕಿದೆಯೇ ನೋಡಿ. ಟರ್ಬೊ ಇರುವ ಗಾಡಿಯಲ್ಲಿ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಪೈಪು, ಕ್ಲಿಪ್ಪುಗಳನ್ನೂ ನೋಡಿ.

ಹಳೆಯ ಎಂಜಿನ್ನನ್ನೇ ಬದಲಿಸುವುದಿದ್ದರೆ ಟರ್ಬೊ ಇರುವುದನ್ನು ಆರಿಸುವುದು ಜಾಣತನ. ತೆಳು ಗಾಳಿಯನ್ನು ಅದು ಒತ್ತಿ ತುಂಬುವುದರಿಂದ ಶಿರಸಿಯಲ್ಲಿ ಎಳೆತ ಕುಗ್ಗುವುದು ತಿಳಿಯುವುದೇ ಇಲ್ಲ. ಎಂಜಿನ್ ಬದಲಿಸಲು ಸಾರಿಗೆ ಕಚೇರಿಯ ಒಪ್ಪಿಗೆ ಮೊದಲೇ ಬೇಕು. ಟರ್ಬೊ ಇಲ್ಲದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕಟ್ಟಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಒತ್ತಡವನ್ನು ತಾಳುವ ಪಿಸ್ಟನ್ ಅದರಲ್ಲಿರುವುದಿಲ್ಲ.

ಪಿಸ್ಟನ್, ಪಂಪ್

ಬೋರ್ ಮಾಡಿಸುವಾಗ (ಸಿಲಿಂಡರ್ ಕೊರೆಸಿ ಹೊಸ ಪಿಸ್ಟನ್ ಹಾಕಿಸುವಾಗ) ಕಂಪನಿಯ ಕಂಪ್ರೆಶನ್ ಅನುಪಾತವನ್ನೇ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದನ್ನು) ಉಳಿಸಿಕೊಳ್ಳಿ. ಎತ್ತರದ ಊರಿನಲ್ಲೇ ಇರುವ ಪೆಟ್ರೋಲ್ ಗಾಡಿಗೆ ತುಸು ಹೆಚ್ಚು ಕಂಪ್ರೆಶನ್ ನಡೆಯುತ್ತದೆ. ಆದರೆ ನಮ್ಮ ಗಾಡಿ ಬೆಳಿಗ್ಗೆ ಘಟ್ಟ ಹತ್ತಿ ಸಂಜೆ ಅಡಿಕೆ ಚೀಲ ಹೇರಿಕೊಂಡು ಕರಾವಳಿಗೆ ಇಳಿಯುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಂಥ ಎಂಜಿನ್ನಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿದು ಬಡಿಯುವ ಸದ್ದು ಬರತೊಡಗುತ್ತದೆ.

ಹಳೆಯ ಡೀಸೆಲ್ ಪಂಪಿನದು ಇದರ ತಿರುಗುಮುರುಗು. ಕುಮಟಾದಲ್ಲಿ ಹೊಗೆ ಬಾರದಂತೆ ಹೊಂದಿಸಿದ ಪಂಪ್, ಘಟ್ಟದ ಕೊನೆಯ ತಿರುವುಗಳಲ್ಲಿ ಕಪ್ಪು ಹೊಗೆ ಉಗುಳಬಹುದು. ಡೀಸೆಲ್ ಅಷ್ಟೇ ಬರುತ್ತಿದೆ, ಗಾಳಿ ಕಡಿಮೆಯಾಗಿದೆ ಎಂದರ್ಥ. ನಾಝಲ್ ಸರಿಯಿದ್ದೂ ಹೊಗೆ ಬಂದರೆ ಪಂಪ್ ಅಂಗಡಿಯಲ್ಲಿ ಡೀಸೆಲ್ ತುಸು ಇಳಿಸಲು ಹೇಳಿ.

ಕ್ರೌನ್ ಪಿನಿಯನ್

ಇಷ್ಟೆಲ್ಲ ಆದಮೇಲೂ ಎಳೆತ ಸಾಲದಿದ್ದರೆ ಎಂಜಿನ್ ಬಿಟ್ಟು ಹಿಂದಿನ ಆಕ್ಸಲ್ ನೋಡಿ. ಎಂಜಿನ್ನಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ ಗೇರಿನ ಜೋಡಿ ಅಲ್ಲಿದೆ. ದೊಡ್ಡದಾದ ಕ್ರೌನಿನಲ್ಲಿ 37, ಸಣ್ಣದಾದ ಪಿನಿಯನ್ನಿನಲ್ಲಿ 9 ಹಲ್ಲಿದ್ದರೆ ಅನುಪಾತ 4.11. ಅದೇ ಆಕ್ಸಲಿಗೆ 41–9 ಹಲ್ಲಿನ ಜೋಡಿ ಸಿಗುವುದಾದರೆ 4.56, ಚಕ್ರಕ್ಕೆ ಶೇ 11ರಷ್ಟು ಹೆಚ್ಚು ಎಳೆತ ಸಿಗುತ್ತದೆ. ಎತ್ತರದಿಂದ ಕಳೆದುಕೊಂಡದ್ದರ ದುಪ್ಪಟ್ಟು ಇದು. ಹೆದ್ದಾರಿಯಲ್ಲಿ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ, ಡೀಸೆಲ್ ಕೂಡ ತುಸು ಹೆಚ್ಚು ಬೇಕು. ದೊಡ್ಡ ಟಯರ್ ಹಾಕಿದರೆ ಈ ಲಾಭವೆಲ್ಲ ಕರಗುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಖಾಲಿ ಗಾಡಿ ಒಯ್ಯಬೇಡಿ. ದಿನದ ಹೇರು ಹೇರಿ, ಮಧ್ಯಾಹ್ನದ ಬಿಸಿಲಿನಲ್ಲಿ ದೇವಿಮನೆಯನ್ನೋ ಅರಬೈಲನ್ನೋ ಹತ್ತಿಸಿ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಲ್ಲಿ ನಿಂತಿತು ಎಂದು ಬರೆದುಕೊಳ್ಳಿ. ಮೇಲೆ ತಲುಪಿದ ಕೂಡಲೇ ಕೀಲಿ ತಿರುಗಿಸದೆ ಎರಡು ನಿಮಿಷ ಎಂಜಿನ್ ನಿಧಾನವಾಗಿ ಓಡುತ್ತಿರಲಿ. ಕಾದ ಟರ್ಬೊ ತಣಿಯುವುದು ಹರಿಯುತ್ತಿರುವ ಆಯಿಲಿನಿಂದ.