ಗಂಧಕದ ಒನ್ಸೆನ್‌ಗೆ ಹೋಗುವ ಮುಂಚೆ ಕಾಲುಂಗುರ ತೆಗೆದಿಡಿ

ಜಪಾನಿನ ಕುಸಾತ್ಸು, ನೊಬೊರಿಬೆತ್ಸು, ಬೆಪ್ಪುವಿನ ಮ್ಯೋಬಾನ್ ಕಡೆ ಒನ್ಸೆನ್ (ಬಿಸಿನೀರಿನ ಬುಗ್ಗೆ) ಸ್ನಾನಕ್ಕೆ ಹೋಗುವವರು ಕಾಲುಂಗುರ, ಗೆಜ್ಜೆ, ಉಡದಾರ, ಮೈಮೇಲಿನ ಬೆಳ್ಳಿ ಏನಿದ್ದರೂ ರೂಮಿನಲ್ಲೇ ಬಿಚ್ಚಿ, ಜಿಪ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿಡಿ. ಅಲ್ಲಿನ ನೀರಿನಲ್ಲಿ ಗಂಧಕ ಜಾಸ್ತಿ, ಅದು ಬೆಳ್ಳಿಯ ಜೊತೆ ಸೇರಿ ಕಪ್ಪು ಪದರ ಕಟ್ಟುತ್ತದೆ. ನೀರೇ ತಾಗಬೇಕು ಅಂತಿಲ್ಲ, ಆ ಕೊಳೆತ ಮೊಟ್ಟೆ ವಾಸನೆಯ ಗಾಳಿಗೂ ಬೆಳ್ಳಿ ಕಪ್ಪಾಗುತ್ತದೆ. ಹಾಗಾಗಿ ಬಟ್ಟೆ ಬದಲಿಸುವ ಕೋಣೆಯ ಬುಟ್ಟಿಯಲ್ಲಿ ಸುಮ್ನೆ ಬಿಟ್ಟು ಹೋಗಬೇಡಿ. 22 ಕ್ಯಾರೆಟ್ ಚಿನ್ನದಲ್ಲೂ ಬೆಳ್ಳಿ, ತಾಮ್ರ ಬೆರೆತಿರುತ್ತದೆ ಅಲ್ವಾ, ತಾಳಿಸರವೂ ಮಂಕಾಗಬಹುದು. ಗೋಡೆಗೆ ಹಾಕಿರುವ ನೀರಿನ ವಿವರದ ಫಲಕವನ್ನು ಫೋನಿನಲ್ಲಿ ಅನುವಾದ ಮಾಡಿ ನೋಡಿ. ‘ಇಓಸೆನ್’ ಅಂದರೆ ಗಂಧಕದ ನೀರು. ‘ತಂಜುನ್’ ಅಂದರೆ ಸಾದಾ, ಆದರೆ ‘ತಂಜುನ್ ಇಓಸೆನ್’ ಅಂತಲೂ ಇರುತ್ತದೆ, ಪೂರ್ತಿ ಓದಿ! ಆಗಲೇ ಕಪ್ಪಾಗಿದ್ದರೆ ಪಿಂಗಾಣಿ ಬಟ್ಟಲಿಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ ಕುದಿಯುವ ನೀರು ಹಾಕಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಹೊಳಪು ವಾಪಸ್ ಬರುತ್ತದೆ. ಮುತ್ತು, ಹರಳು ಕೂರಿಸಿದ ಒಡವೆಗೆ ಇದನ್ನು ಮಾಡಬೇಡಿ. ಬೇಕೆಂದೇ ಕಪ್ಪು ಮಾಡಿಸಿದ ಆಕ್ಸಿಡೈಸ್ಡ್ ಬೆಳ್ಳಿಗಂತೂ ಬೇಡವೇ ಬೇಡ, ಆ ಡಿಸೈನೇ ಅಳಿಸಿಹೋಗುತ್ತದೆ. ಕಾಲುಂಗುರ ಬಿಗಿಯಾಗಿ ಕೂತಿದೆಯಾ? ಸೋಪು ಹಚ್ಚಿ ತಿರುಗಿಸಿ ನೋಡಿ. ಆಗಲೂ ಬಾರದಿದ್ದರೆ ಮತ್ಸುಯಾಮಾದ ದೋಗೊ ಥರದ ಸಾದಾ ನೀರಿನ ಊರು ಆರಿಸಿಕೊಳ್ಳಿ.