ಯುದ್ಧ, ಮಹಿಳೆ, ಇಸ್ಲಾಂ: ಗ್ರೂಪಿನಲ್ಲಿ ವಾದಕ್ಕಿಳಿಯುವ ಮುನ್ನ

ಮುಳಬಾಗಿಲು, ಮಾಲೂರು, ಬಂಗಾರಪೇಟೆಯ ವಾಟ್ಸಾಪ್ ಗ್ರೂಪುಗಳಲ್ಲಿ ಯುದ್ಧ ಮತ್ತು ಹೆಂಗಸರ ಬಗ್ಗೆ ಇಸ್ಲಾಂ ಏನು ಹೇಳುತ್ತದೆ ಎಂಬ ವಾದ ಎದ್ದರೆ ಸುಲಭಕ್ಕೆ ಮುಗಿಯದು. ಕಾರಣ, ನಾಲ್ಕು ಬೇರೆ ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ: ಹೆಂಗಸರು ಯುದ್ಧದಲ್ಲಿ ಇದ್ದರೇ? ಯುದ್ಧ ಅವರಿಗೆ ಕಡ್ಡಾಯವೇ? ಎದುರಾಳಿಯ ಹೆಂಗಸರನ್ನು ಕೊಲ್ಲಬಹುದೇ? ಸೆರೆಸಿಕ್ಕವರ ಗತಿ ಏನು? ಮೊದಲ ಉತ್ತರವಾಗಿ ಒಂದೇ ಸಾಲು ಹಾಕಿ: “ಇದ್ರಲ್ಲಿ ನೀವು ಕೇಳ್ತಿರೋದು ಯಾವುದು?” ಅದು ಇತ್ಯರ್ಥವಾಗದೆ ಮುಂದೆ ಹೋಗಬೇಡಿ.

ಆಮೇಲೆ ಸಂಖ್ಯೆ ಕೇಳಿ. ಕುರ್‌ಆನ್ ಆದರೆ ಅಧ್ಯಾಯ, ವಚನ. ಹದೀಸ್ (ಪ್ರವಾದಿಯ ನುಡಿ, ನಡೆಯ ವರದಿ) ಆದರೆ ಸಂಗ್ರಹದ ಹೆಸರು (ಬುಖಾರಿ, ಮುಸ್ಲಿಂ ಎಂಬವು ಅಂಥ ಸಂಗ್ರಹಗಳು), ಕ್ರಮಾಂಕ. ಬಹಳ ಜನ ಎಡವುವುದು ಇಲ್ಲೇ. ಬುಖಾರಿಯ ಹಳೆಯ ಇಂಗ್ಲಿಷ್ ಅನುವಾದದಲ್ಲಿ “4ನೇ ಸಂಪುಟ, 52ನೇ ಪುಸ್ತಕ, 258” ಎಂದಿರುವುದೂ ಈಗಿನ ಎಣಿಕೆಯ 3015 ಕೂಡ ಒಂದೇ ಹದೀಸು. ಸಂಖ್ಯೆ ತಾಳೆಯಾಗಲಿಲ್ಲ ಎಂದು ಎದುರಿನವರನ್ನು ಸುಳ್ಳುಗಾರ ಎನ್ನುವ ಮೊದಲು ಎರಡೂ ಎಣಿಕೆಯಲ್ಲಿ ಹುಡುಕಿ. ವಚನವಾದರೆ ಹಿಂದಿನ ಐದು, ಮುಂದಿನ ಐದು ವಚನ ಓದಿ. ಬಹುದೇವಾರಾಧಕರನ್ನು ಕೊಲ್ಲಿ ಎನ್ನುವ 9:5 ಕಳಿಸುವವರು, ಅವರಲ್ಲಿ ಆಶ್ರಯ ಕೇಳಿದವರಿಗೆ ಆಶ್ರಯ ಕೊಡಿ ಎನ್ನುವ 9:6 ಬಿಟ್ಟಿರುತ್ತಾರೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಹೆಂಗಸರು ಗಾಯಾಳುಗಳಿಗೆ ನೀರು ಕೊಟ್ಟು ಆರೈಕೆ ಮಾಡಿದ್ದು ಬುಖಾರಿ 2882ರಲ್ಲಿದೆ. ಹುನೈನ್ ಯುದ್ಧದಲ್ಲಿ ಪ್ರವಾದಿಯ ಅನುಯಾಯಿ ಉಮ್ಮ್ ಸುಲೈಮ್ ಕಠಾರಿ ಹಿಡಿದಿದ್ದು ಮುಸ್ಲಿಂ 1809ರಲ್ಲಿದೆ. 625ರ ಉಹುದ್ ಯುದ್ಧದಲ್ಲಿ ನುಸೈಬಾ ಎಂಬ ಇನ್ನೊಬ್ಬ ಅನುಯಾಯಿ ಕತ್ತಿ ಹಿಡಿದು ಹೋರಾಡಿದ್ದನ್ನು ಹಳೆಯ ಜೀವನಚರಿತ್ರೆಕಾರ ಇಬ್ನ್ ಸಅದ್ ಬರೆದಿದ್ದಾರೆ. ಅದು ಜೀವನಚರಿತ್ರೆ, ಹದೀಸಿನಷ್ಟೇ ತೂಕ ಅದಕ್ಕೆ ಕೊಡಬೇಡಿ. ಚಾಂದ್ ಬೀಬಿ 1595–96ರಲ್ಲಿ ಅಹ್ಮದ್‌ನಗರದ ಕೋಟೆ ಕಾಪಾಡಿದ್ದು ಇತಿಹಾಸ. ಧರ್ಮದ ವಿಧಿಗೆ ಅದು ಪುರಾವೆಯಾಗದು.

ಕಡ್ಡಾಯದ ಬಗ್ಗೆ ಬುಖಾರಿ 2875 ನೋಡಿ: ಪ್ರವಾದಿಯ ಪತ್ನಿ ಆಯಿಷಾ ಜಿಹಾದಿಗೆ ಅನುಮತಿ ಕೇಳಿದಾಗ ಪ್ರವಾದಿಯಿಂದ ಸಿಕ್ಕ ಉತ್ತರ, ನಿಮ್ಮ ಜಿಹಾದ್ ಹಜ್ ಎಂದು. ಆದರೂ ಶತ್ರು ಊರಿಗೇ ನುಗ್ಗಿದರೆ ಹೆಂಡತಿ ಗಂಡನ ಅನುಮತಿಗೆ ಕಾಯದೆ ಹೊರಡಬೇಕು ಎಂದು ಹನಫಿ ಪಂಥದ ಫಿಕ್ಹ್ (ಇಸ್ಲಾಮಿನ ನ್ಯಾಯಶಾಸ್ತ್ರ) ಹೇಳುತ್ತದೆ.

ಕೊಲ್ಲುವ ವಿಚಾರಕ್ಕೆ ಬುಖಾರಿ 3014, 3015: ಯುದ್ಧದಲ್ಲಿ ಹೆಂಗಸಿನ ಹೆಣ ಸಿಕ್ಕಾಗ, ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲಬಾರದೆಂದು ಪ್ರವಾದಿ ತಡೆದರು. ಎದುರಿನವರು 3012 ತಂದೇ ತರುತ್ತಾರೆ: ರಾತ್ರಿ ದಾಳಿಯಲ್ಲಿ ಹೆಂಗಸರು, ಮಕ್ಕಳು ಸಿಕ್ಕಿಹಾಕಿಕೊಂಡಾಗ “ಅವರೂ ಅವರಲ್ಲಿಯವರೇ” ಎಂದದ್ದು. ಅದನ್ನು ಮುಚ್ಚಿಡಬೇಡಿ. ಗುರಿಯಿಟ್ಟು ಕೊಲ್ಲುವುದಕ್ಕೂ ಕತ್ತಲಲ್ಲಿ ಉದ್ದೇಶವಿಲ್ಲದೆ ತಗಲುವುದಕ್ಕೂ ನ್ಯಾಯಶಾಸ್ತ್ರಿಗಳು ಗೆರೆ ಎಳೆದಿದ್ದಾರೆ ಎಂದು ವಿವರಿಸಿ. ತಾನೇ ಆಯುಧ ಎತ್ತಿದವಳಿಗೆ ಈ ರಕ್ಷಣೆ ಇಲ್ಲ ಎಂಬುದು ಬಹುಮತ.

ಸೆರೆಯಾಳುಗಳ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು. ಇಲ್ಲಿ ನುಣುಚಿಕೊಂಡವರ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ. 4:24 ಮತ್ತು 23:6ರ ಆಧಾರದಲ್ಲಿ ಗುಲಾಮಳಾದ ಹೆಂಗಸಿನೊಡನೆ ಒಡೆಯನ ಸಂಬಂಧವನ್ನು ಹಳೆಯ ಫಿಕ್ಹ್ ಒಪ್ಪಿತ್ತು. 47:4 ಸೆರೆಯಾಳನ್ನು ಕೃಪೆಯಿಂದಲೋ ಬಿಡುಗಡೆ ಹಣ ಪಡೆದೋ ಬಿಡಲು ಹೇಳುತ್ತದೆ. 2014ರ ಆಗಸ್ಟ್‌ನಲ್ಲಿ ಉಗ್ರ ಸಂಘಟನೆ ಐಸಿಸ್, ಇರಾಕಿನ ಸಿಂಜಾರ್‌ನ ಯಜೀದಿ ಎಂಬ ಅಲ್ಪಸಂಖ್ಯಾತ ಸಮುದಾಯದ ಹೆಂಗಸರನ್ನು ಗುಲಾಮರನ್ನಾಗಿಸಿತು. ಮರುತಿಂಗಳೇ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಬಹಿರಂಗ ಪತ್ರದಲ್ಲಿ ಗುಲಾಮಗಿರಿಯನ್ನು ಮತ್ತೆ ತರುವುದು ನಿಷಿದ್ಧ ಎಂದರು. ಹಳೆಯ ಫಿಕ್ಹ್, 47:4, ಈ ಪತ್ರ, ಮೂರನ್ನೂ ಒಟ್ಟಿಗೇ ಹೇಳಿ. ಒಂದನ್ನು ಬಿಟ್ಟರೂ ಅದು ಅರ್ಧಸತ್ಯ.

ಬಂದೂಕು ಹಿಡಿದ ಹೆಂಗಸರ ಫೋಟೋ ಬಂದರೆ ಅದನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದು ಸಿರಿಯಾದ ಕುರ್ದ್ ಮಹಿಳೆಯರ ವೈಪಿಜೆ ಪಡೆಯದ್ದೂ ಆಗಿರಬಹುದು: ವೈಪಿಜೆ 2013ರಲ್ಲಿ ಹುಟ್ಟಿದ, ಐಸಿಸ್ ವಿರುದ್ಧವೇ ಹೋರಾಡಿದ ಜಾತ್ಯತೀತ ಪಡೆ.

ಮೌಲ್ವಿಗಳನ್ನು ಕೇಳುವುದಾದರೆ ಸಂಖ್ಯೆ ಬರೆದ ಚೀಟಿಯೊಂದಿಗೆ ಹೋಗಿ. ಇದು ವಚನವೋ, ಹದೀಸೋ, ಫಿಕ್ಹೋ, ಯಾವ ಮದ್ಹಬ್‌ನದು (ಹನಫಿಯಂಥ ನ್ಯಾಯಶಾಸ್ತ್ರ ಪಂಥ) ಎಂದು ವಿಚಾರಿಸಿ. ಗ್ರೂಪಿನಲ್ಲಿರುವ ಮುಸ್ಲಿಂ ಹೆಣ್ಣುಮಗಳನ್ನು ಟ್ಯಾಗ್ ಮಾಡಿ “ನೀನೇ ಉತ್ತರ ಕೊಡು” ಎನ್ನಲೇಬೇಡಿ. ಸಿಂಜಾರ್‌ಗೆ ಕೋಲಾರದವಳು ಹೊಣೆಯಲ್ಲ.

ಎರಡು ಸಲ ಕೇಳಿದರೂ ಸಂಖ್ಯೆ ಬಾರದಿದ್ದರೆ ವಾದ ನಿಲ್ಲಿಸಿ. ಬೆದರಿಕೆ ಬಂದರೆ ಅಡ್ಮಿನ್ ಅಳಿಸುವ ಮುಂಚೆಯೇ ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಜಿಲ್ಲೆಯ ಸೈಬರ್ ಅಪರಾಧಗಳ ಪೊಲೀಸ್ ಠಾಣೆಗೆ ಕೊಡಿ.