ಅವರೆಕಾಳನ್ನ ಮೇ ತಿಂಗಳವರೆಗೆ ಇಟ್ಕೊಂಡಿದ್ದು

ಧನುರ್ಮಾಸದಲ್ಲಿ ಸೊಗಡು ಅವರೆ ಬಂತು ಅಂದ್ರೆ ನಮ್ಮನೇಲಿ ಬೇರೆ ತರಕಾರಿ ಯಾರಿಗೂ ಬೇಡ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೇ ಸೀಸನ್ ಮುಗ್ದೋಗತ್ತಲ್ಲ, ಅದಕ್ಕೇ ಮೊದಲ್ನೇ ವರ್ಷ ಐದು ಕೆಜಿ ಕಾಯಿ ತಂದು ರಾತ್ರಿಯೆಲ್ಲ ಕೂತು ಸುಲಿದು ಕಾಳನ್ನ ಹಾಗೇ ಕವರಲ್ಲಿ ಕಟ್ಟಿ ಫ್ರೀಜರ್‌ಗೆ ತುರುಕಿದ್ದೆ. ಏಪ್ರಿಲ್‌ನಲ್ಲಿ ತೆಗೆದ್ರೆ ಇಟ್ಟಿಗೆ ಥರ ಒಂದೇ ಗಡ್ಡೆ. ಲಟ್ಟಣಿಗೇಲಿ ಕುಟ್ಟಿ ಬಿಡಿಸಿದ್ರೆ ಮೇಲಿನ ಕಾಳೆಲ್ಲ ಬೆಳ್ಳಗೆ ಒಣಗಿ ಸುಕ್ಕಾಗಿತ್ತು, ಸಾರು ಮಾಡಿದ್ರೆ ಹುಲ್ಲು ವಾಸನೆ. ಅಷ್ಟೂ ಚೆಲ್ಲಿದ್ದು, ಹೊಟ್ಟೆ ಉರಿದೋಯ್ತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ ಫ್ರೀಜರಲ್ಲಿಟ್ಟ ಮಾತ್ರಕ್ಕೆ ಕಾಳಿನೊಳಗಿನ ಎಂಜೈಮ್ ಕೆಲಸ ನಿಲ್ಲಲ್ಲ, ನಿಧಾನ ಆಗತ್ತೆ ಅಷ್ಟೆ, ಬಣ್ಣ ರುಚಿ ಕೆಡೋದು ಅದ್ರಿಂದ್ಲೇ. ಅದನ್ನ ಕುದಿಯೋ ನೀರಲ್ಲಿ ಮೊದ್ಲೇ ನಿಲ್ಲಿಸ್ಬೇಕು. ಈಗ ದೊಡ್ಡ ಪಾತ್ರೇಲಿ ನೀರು ಕುದಿಸಿ ಸ್ವಲ್ಪ ಸ್ವಲ್ಪವೇ ಕಾಳು ಹಾಕ್ತೀನಿ, ಮತ್ತೆ ಕುದಿ ಬಂದ್ಮೇಲೆ ಎರಡೇ ನಿಮಿಷ, ತಕ್ಷಣ ಬಸಿದು ಐಸ್ ನೀರಿಗೆ. ಹಿತಕಿದ ಬೇಳೆಗೆ ಒಂದು ನಿಮಿಷ ಸಾಕು, ಸಿಪ್ಪೆ ಇರಲ್ವಲ್ಲ, ಒಡೆದೋಗತ್ತೆ.

ಆಮೇಲೆ ಹಳೇ ಪಂಚೆ ಮೇಲೆ ಹರಡಿ ಆರಿಸೋದು, ಇಲ್ಲಿ ಮಾತ್ರ ದಯವಿಟ್ಟು ಅವಸರ ಮಾಡ್ಬೇಡಿ, ನೀರಿನ ಪಸೆ ಇದ್ರೆ ಅದೇ ಐಸಾಗಿ ಕಾಳನ್ನ ಅಂಟಿಸಿಬಿಡತ್ತೆ. ಸ್ಟೀಲ್ ತಟ್ಟೇಲಿ ಒಂದೇ ಪದರ ಹರಡಿ ಎರಡು ಮೂರು ಗಂಟೆ ಫ್ರೀಜರಲ್ಲಿಟ್ರೆ ಒಂದೊಂದೂ ಗೋಲಿ ಥರ ಗಟ್ಟಿ, ತಟ್ಟೆ ಅಲ್ಲಾಡಿಸಿದ್ರೆ ಟಣಟಣ ಅನ್ನತ್ತೆ. ಆ ಸದ್ದು ಬಂದ್ಮೇಲೇ ಜಿಪ್‌ಲಾಕ್ ಕವರ್‌ಗೆ ತುಂಬೋದು, ಒಂದು ಸಲದ ಅಡುಗೆಗೆ ಒಂದು ಕವರ್, ಕೆಳಗಿಂದ ಅಂಗೈಯಲ್ಲಿ ಒತ್ತಿ ಗಾಳಿ ಪೂರ್ತಿ ತೆಗೆದು, ಮೇಲೆ ಮಾರ್ಕರಲ್ಲಿ ತಾರೀಖು. ಬೆಳ್ಳಗೆ ಒಣಗೋದು ಆ ಗಾಳಿಯಿಂದ್ಲೇ.

ಫ್ರೀಜರ್ ಮೈನಸ್ 18 ಡಿಗ್ರಿಲಿ ಇರ್ಬೇಕು. ಹಳೇ ಸಿಂಗಲ್ ಡೋರ್ ಫ್ರಿಜ್‌ನ ಐಸ್ ಡಬ್ಬದಲ್ಲಿ ಅಷ್ಟು ತಣ್ಣಗಾಗ್ದೇ ಇದ್ರೆ ತಿಂಗಳೊಳಗೆ ಖಾಲಿ ಮಾಡ್ಬಿಡಿ. ಕರೆಂಟ್ ಹೋದಾಗ ಬಾಗಿಲು ತೆಗೀಲೇಬೇಡಿ. ಅಡುಗೆಗೆ ತೆಗೆದ್ಮೇಲೆ ಕರಗಿಸ್ತಾ ಕೂರೋದು ಬೇಡ, ನೇರ ಕುದಿಯೋ ನೀರಿಗೆ ಹಾಕಿ.

ಸೊಗಡು ಇರೋದು ಕಾಯಿ ಸಿಪ್ಪೇಲಿ, ಅದನ್ನ ಯಾವ ಫ್ರೀಜರೂ ಹಿಡಿದಿಡಲ್ಲ. ಆದ್ರೆ ಈ ಸಲ ಮೇ ತಿಂಗಳಲ್ಲಿ ಅವರೆಕಾಳು ಅಕ್ಕಿ ರೊಟ್ಟಿ ಮಾಡಿದ್ದೆ, ಅತ್ತೆ ಒಂದು ಕಾಳು ಬಿಡಿಸಿ ಬೆರಳಲ್ಲಿ ಒತ್ತಿ ನೋಡಿ "ಬೆಣ್ಣೆ ಥರ ಬೆಂದಿದೆಯಲ್ಲೇ, ಈಗೆಲ್ಲಿ ಸಿಕ್ತು?" ಅಂದ್ರು.